ಟಾಪಿಕ್‌ನಿಂದ ತಾಂಡಾದವರೆಗೆ: ಆರೋಗ್ಯ ವಿದ್ಯಾರ್ಥಿಗಳ ಮೊದಲ ಸಂಶೋಧನೆಗೆ ಒಂದು ಕೈಪಿಡಿ

“ಮೇಡಂ, ಒಂದು ಟಾಪಿಕ್ ಕೊಡ್ರಿ.” ಕೊನೆಯ ವರ್ಷಕ್ಕೆ ಬಂದ ವಿದ್ಯಾರ್ಥಿಗಳು ನನ್ನ ಹತ್ತಿರ ಮೊದಲು ಕೇಳುವುದು ಇದನ್ನೇ. ನಾನು ಕಲಬುರಗಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಕಮ್ಯುನಿಟಿ ಹೆಲ್ತ್ ನರ್ಸಿಂಗ್ ಪಾಠ ಮಾಡುತ್ತೇನೆ, ಪ್ರಾಜೆಕ್ಟ್‌ಗಳಿಗೆ ಗೈಡ್ ಆಗಿಯೂ ಇರುತ್ತೇನೆ. ಬೀದರ್, ಯಾದಗಿರಿ, ಸೇಡಂ, ಚಿಂಚೋಳಿ ಕಡೆಯಿಂದ ಬಂದು, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳೇ ನನ್ನ ಕ್ಲಾಸಿನಲ್ಲಿ ಜಾಸ್ತಿ. ಸಂಶೋಧನೆ ಅಂದ ಕೂಡಲೇ ಅವರಿಗೆ ಭಯ. ಆ ಭಯದಲ್ಲಿ ಹಳೆಯ ಬ್ಯಾಚಿನ ಪ್ರಾಜೆಕ್ಟ್ ತಂದು, ಊರಿನ ಹೆಸರಷ್ಟೇ ಬದಲಿಸಿ ಬೈಂಡಿಂಗ್‌ಗೆ ಕೊಟ್ಟುಬಿಡುವವರೂ ಇದ್ದಾರೆ. ಹಾಗೆ ಮಾಡುವ ಅಗತ್ಯವೇ ಇಲ್ಲ, ಈ ಕೆಲಸ ನಿಮ್ಮ ಕೈಯಲ್ಲಿ ಆಗುತ್ತದೆ ಎಂದು ತೋರಿಸಲು ಇದನ್ನು ಬರೆಯುತ್ತಿದ್ದೇನೆ. ಎಂಬಿಬಿಎಸ್, ಫಾರ್ಮಸಿ, ಫಿಸಿಯೋಥೆರಪಿ ಓದುವವರಿಗೂ ದಾರಿ ಇದೇ.

ಪಠ್ಯಪುಸ್ತಕದಲ್ಲಿ ಸಂಶೋಧನಾ ವಿಧಾನ ಒಂದು ಅಧ್ಯಾಯ, ನೀತಿ ಇನ್ನೊಂದು ಅಧ್ಯಾಯ. ನಾನು ಎರಡನ್ನೂ ಸೇರಿಸಿಯೇ ಕಲಿಸುತ್ತೇನೆ. ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ಒಬ್ಬ ತಾಯಿ ನಿಮಗೆ ಅರ್ಧ ಗಂಟೆ ಕೊಡುತ್ತಾಳೆ ಅಂದುಕೊಳ್ಳಿ. ನಿಮ್ಮ ಪ್ರಶ್ನೆ ಸರಿ ಇಲ್ಲದಿದ್ದರೆ ಆ ಅರ್ಧ ಗಂಟೆ ಹಾಳು. ಅದರ ಉತ್ತರ ಮೊದಲೇ ಗೊತ್ತಿರುವಂಥದ್ದಾದರೂ ಹಾಳು. ಫಾರ್ಮ್ ಕಳೆದುಹಾಕಿದರೂ ಹಾಳು. ಅವಳಿಗೆ ಕೊಡಬೇಕಾದ ಮೊದಲ ಗೌರವ ಅಂದರೆ ನಿಮ್ಮ ಕೆಲಸವನ್ನು ಸರಿಯಾಗಿ ಕಲಿತು ಹೋಗುವುದು.

ಪ್ರಶ್ನೆ ಎಲ್ಲಿಂದ ಬರುತ್ತದೆ

ರಕ್ತಹೀನತೆ ಅನ್ನುವುದು ಟಾಪಿಕ್. ಅದರ ಮೇಲೆ ಇಡೀ ಜೀವನ ಕೆಲಸ ಮಾಡಬಹುದು. ನಿಮಗಿರುವುದು ಕೆಲವೇ ತಿಂಗಳು. ಅದಕ್ಕೇ ನಾನು ಟಾಪಿಕ್ ಕೊಡುವ ಬದಲು ತಿರುಗಿ ಕೇಳುತ್ತೇನೆ: ಫೀಲ್ಡ್ ಪೋಸ್ಟಿಂಗ್‌ನಲ್ಲಿ ನೀವು ಕಂಡದ್ದರಲ್ಲಿ ಯಾವುದು ಅರ್ಥವಾಗಲಿಲ್ಲ? ಒಬ್ಬ ವಿದ್ಯಾರ್ಥಿನಿ ಹೇಳಿದಳು, “ಮೇಡಂ, ಗುಳಿಗಿ ಎಲ್ಲರಿಗೂ ಕೊಟ್ಟಾರ. ಮನ್ಯಾಗ ನೋಡಿದ್ರ ಸ್ಟ್ರಿಪ್ ಹಂಗೇ ಅವ.” ಸಂಶೋಧನೆ ಶುರುವಾಗುವುದು ಇಂಥ ಮಾತಿನಿಂದ.

ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮ 2018ರಲ್ಲಿ ಶುರುವಾಯಿತು. ಅದರ ಪ್ರಕಾರ ಗರ್ಭಿಣಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದು ಗುಳಿಗೆ, ಕನಿಷ್ಠ 180 ದಿನ. ಒಂದೊಂದು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಕೊಟ್ಟ ಲೆಕ್ಕ ರಿಜಿಸ್ಟರ್‌ನಲ್ಲಿ ಸಿಗುತ್ತದೆ. ನುಂಗಿದ ಲೆಕ್ಕ ಅಲ್ಲಿ ಸಿಗುವುದಿಲ್ಲ. ಆ ಹುಡುಗಿಯ ಜೊತೆ ಕೂತು, ಯಾರು, ಎಲ್ಲಿ, ಯಾವಾಗ, ಏನು ಎಂದು ಒಂದೊಂದಾಗಿ ಸೇರಿಸುತ್ತಾ ಹೋದೆವು. ಕೊನೆಗೆ ಪ್ರಶ್ನೆ ಹೀಗೆ ನಿಂತಿತು: ಜೇವರ್ಗಿ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ, ನಾಲ್ಕು ತಿಂಗಳು ದಾಟಿದ ಗರ್ಭಿಣಿಯರು ಕಳೆದ ಏಳು ದಿನಗಳಲ್ಲಿ ಎಷ್ಟು ದಿನ ಗುಳಿಗೆ ತಗೊಂಡಿದ್ದಾರೆ? ಬಿಟ್ಟವರು ಯಾಕೆ ಬಿಟ್ಟರು?

ಪ್ರಶ್ನೆ ಗಟ್ಟಿಯಾಗಿದೆಯೇ ಎಂದು ನೋಡಲು ನನ್ನದೊಂದು ಪರೀಕ್ಷೆ ಇದೆ. ಉತ್ತರ ಸಿಕ್ಕಿತು ಅಂದುಕೊಳ್ಳಿ, ಅದರಿಂದ ಯಾರು ಏನನ್ನು ಬೇರೆ ಥರ ಮಾಡಬಹುದು? ಮಲ ಕಪ್ಪಾಗುತ್ತದೆಂದು ಹೆದರಿ ಬಿಟ್ಟಿದ್ದರೆ, ಅದು ಕಬ್ಬಿಣದ್ದು, ಅಪಾಯ ಇಲ್ಲ ಎಂದು ಎಎನ್‌ಎಂ (ಊರಿನ ಆರೋಗ್ಯ ಸಹಾಯಕಿ) ಮೊದಲೇ ಹೇಳಬಹುದು. ಹೊಟ್ಟೆ ತೊಳಸುತ್ತದೆಂದು ಬಿಟ್ಟಿದ್ದರೆ ರಾತ್ರಿ ಊಟವಾದ ಮೇಲೆ ತಗೊಳ್ಳಲು ಹೇಳಬಹುದು. ಸ್ಟಾಕ್ ಇಲ್ಲದೆ ನಿಂತಿದ್ದರೆ ಅದು ವೈದ್ಯಾಧಿಕಾರಿಯ ಗಮನಕ್ಕೆ ಹೋಗಬೇಕು. ಮೂರು ಉತ್ತರಕ್ಕೆ ಮೂರು ಕೆಲಸ. ಯಾವ ಉತ್ತರ ಬಂದರೂ ಏನೂ ಬದಲಾಗುವುದಿಲ್ಲ ಎಂದಾದರೆ ಆ ಪ್ರಶ್ನೆ ಬಿಡಿ.

ನಮ್ಮ ಕಡೆ ಕಾಲವನ್ನೂ ನೋಡಬೇಕು. ತೊಗರಿ ರಾಶಿ ನಡೆಯುವಾಗ ಹಗಲು ಮನೆಯಲ್ಲಿ ಯಾರೂ ಸಿಗುವುದಿಲ್ಲ. ಸುಗ್ಗಿ ಮುಗಿದ ಮೇಲೆ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದ್‌ಗೆ ದುಡಿಯಲು ಹೋಗುವವರು ಬಹಳ. ಆಗ ಹೋಗಿ ಸಿಕ್ಕವರನ್ನು ಮಾತ್ರ ಕೇಳಿ “ಈ ಊರಿನ ಗರ್ಭಿಣಿಯರು” ಎಂದು ಬರೆದರೆ ತಪ್ಪಾಗುತ್ತದೆ, ಅಲ್ವಾ? ಗುಳಿಗೆ ತಪ್ಪುವ ಸಾಧ್ಯತೆ ಹೆಚ್ಚಿರುವವರೇ ಊರು ಬಿಟ್ಟಿರುತ್ತಾರೆ. ಯಾವ ತಿಂಗಳಲ್ಲಿ ಹೋದಿರಿ, ಎಷ್ಟು ಮನೆಗೆ ಬೀಗ ಇತ್ತು, ಇದನ್ನು ವರದಿಯಲ್ಲಿ ಬರೆಯಿರಿ.

ಹುಡುಕುವುದು, ಓದುವುದು

ಗೂಗಲ್‌ನಲ್ಲಿ ಬಂದ ಮೊದಲ ಪುಟ ಓದುವುದನ್ನು ಸಾಹಿತ್ಯ ಸಮೀಕ್ಷೆ ಅನ್ನಲಾಗದು. ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಗಳ ತಾಣದಲ್ಲಿ ಹುಡುಕುವುದು ಉಚಿತ. ಪೂರ್ತಿ ಲೇಖನ ಬೇಕಿದ್ದರೆ ಪಬ್‌ಮೆಡ್ ಸೆಂಟ್ರಲ್ ನೋಡಿ. ಭಾರತದ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾದಲ್ಲಿವೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಾದರೆ ಹೆಲಿನೆಟ್ ಬಗ್ಗೆ ನಿಮ್ಮ ಲೈಬ್ರರಿಯನ್‌ರನ್ನು ಕೇಳಿ. ದುಡ್ಡು ಕೊಟ್ಟು ಓದಬೇಕಾದ ಜರ್ನಲ್‌ಗಳು ಅದರ ಮೂಲಕ ಸಿಗುತ್ತವೆ. ಎಷ್ಟೋ ವಿದ್ಯಾರ್ಥಿಗಳು ಕೋರ್ಸ್ ಮುಗಿಯುವವರೆಗೂ ಅದರ ಲಾಗಿನ್ ಕೇಳಿಯೇ ಇರುವುದಿಲ್ಲ.

ನಮ್ಮ ಜಿಲ್ಲೆಗಳ ಬಗ್ಗೆ ಹುಡುಕುವವರು ಒಂದು ವಿಷಯ ನೆನಪಿಡಬೇಕು. ಕಲಬುರಗಿ ಎಂಬ ಹೆಸರು ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಅದಕ್ಕಿಂತ ಹಳೆಯ ಲೇಖನಗಳೆಲ್ಲ ಗುಲ್ಬರ್ಗ ಹೆಸರಿನಲ್ಲಿವೆ. ಕಲ್ಯಾಣ ಕರ್ನಾಟಕ ಎಂದು ಹುಡುಕಿದರೆ 2019ರಿಂದ ಈಚಿನವು ಮಾತ್ರ ಸಿಗುತ್ತವೆ. ಹಳೆಯವು ಹೈದರಾಬಾದ್ ಕರ್ನಾಟಕದಲ್ಲಿ ಕೂತಿವೆ. ಎರಡೂ ಹೆಸರು ಹಾಕಿ, ನಡುವೆ ‘ಆರ್’ (OR) ಸೇರಿಸಿ ಹುಡುಕಿ. ಎರಡು ವಿಷಯ ಒಟ್ಟಿಗೆ ಬೇಕಾದಾಗ ನಡುವೆ ‘ಆಂಡ್’ (AND) ಹಾಕಿ. ಎರಡನ್ನೂ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಟೈಪ್ ಮಾಡಬೇಕು. ಅನೀಮಿಯಾ ಪದದ ಸ್ಪೆಲ್ಲಿಂಗ್ ಬ್ರಿಟಿಷರದ್ದು ಒಂದು, ಅಮೆರಿಕದವರದ್ದು ಒಂದು. ಎರಡನ್ನೂ ಹಾಕಿ.

ಯಾದಗಿರಿಯವರು ಇನ್ನೂ ಎಚ್ಚರವಾಗಿರಬೇಕು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ಹಾಗಾಗಿ 2001ರ ಜನಗಣತಿಯಲ್ಲಿ, 2007-08ರ ಜಿಲ್ಲಾ ಮಟ್ಟದ ಆರೋಗ್ಯ ಸಮೀಕ್ಷೆಯಲ್ಲಿ ಶೋರಾಪುರ, ಶಹಾಪುರದ ಜನರೆಲ್ಲ ಗುಲ್ಬರ್ಗದ ಅಂಕಿಯೊಳಗೇ ಇದ್ದಾರೆ. ಅಂದಿನ ಗುಲ್ಬರ್ಗದ ಅಂಕಿ ತೆಗೆದುಕೊಂಡು ಇಂದಿನ ಕಲಬುರಗಿಯ ಜೊತೆ ಹೋಲಿಸಿ “ಸುಧಾರಣೆ ಆಗಿದೆ” ಎಂದು ಬರೆದರೆ, ಬೇರೆ ಬೇರೆ ಜನರನ್ನು ಹೋಲಿಸಿದಂತೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲಾವಾರು ಅಂಕಿ ಕೊಡಲು ಶುರು ಮಾಡಿದ್ದು ನಾಲ್ಕನೇ ಸುತ್ತಿನಿಂದ, ಅಂದರೆ 2015-16ರಿಂದ. ಐದನೇ ಸುತ್ತಿನಲ್ಲಿ, 2019-21ರಲ್ಲಿ, ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ 47.8% ಜನರಿಗೆ ರಕ್ತಹೀನತೆ ಕಂಡಿತು. ದೇಶದ ಅಂಕಿ 57%. ಪ್ರತಿ ಜಿಲ್ಲೆಗೂ ಒಂದು ಫ್ಯಾಕ್ಟ್ ಶೀಟ್ ಇದೆ, ಇಳಿಸಿಕೊಳ್ಳಿ. ಅದರಲ್ಲಿ ಕೆಲವು ಅಂಕಿಗಳು ಆವರಣದೊಳಗೆ ಇರುತ್ತವೆ. ಅವು 25ರಿಂದ 49 ಜನರ ಮೇಲಷ್ಟೇ ನಿಂತ ಲೆಕ್ಕ. ನಕ್ಷತ್ರದ ಗುರುತು ಇದ್ದರೆ 25 ಜನರೂ ಸಿಕ್ಕಿಲ್ಲ ಎಂದರ್ಥ. ಒಂದು ಜಿಲ್ಲೆಯ ಸಮೀಕ್ಷೆಯಲ್ಲಿ ಸಿಗುವ ಗರ್ಭಿಣಿಯರೇ ಕಡಿಮೆ. ಹಾಗಾಗಿ ಅವರ ಅಂಕಿ ಬಳಸುವ ಮೊದಲು ಕೆಳಗಿನ ಟಿಪ್ಪಣಿ ಓದಿ.

ಲೇಖನ ಸಿಕ್ಕ ಮೇಲೆ ಸಾರಾಂಶ ಓದಿ ಬಿಡಬೇಡಿ. ನೇರವಾಗಿ ವಿಧಾನದ ಭಾಗಕ್ಕೆ ಹೋಗಿ. ಎಷ್ಟು ಜನ, ಎಲ್ಲಿಯವರು, ಹೇಗೆ ಆಯ್ಕೆ ಮಾಡಿದರು, ಎಷ್ಟು ಮಂದಿ ಒಲ್ಲೆ ಅಂದರು? ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಭಯ ಹುಟ್ಟಿಸಿದ, ಲ್ಯಾನ್ಸೆಟ್ ಜರ್ನಲಿನ 1998ರ ಲೇಖನ ನಿಂತಿದ್ದು ಬರೀ 12 ಮಕ್ಕಳ ಮೇಲೆ. 2010ರಲ್ಲಿ ಲ್ಯಾನ್ಸೆಟ್ ಅದನ್ನು ಹಿಂದಕ್ಕೆ ಪಡೆಯಿತು. ಆದರೂ ಆ ಭಯ ಇನ್ನೂ ಹೋಗಿಲ್ಲ. ಓದಿದ್ದನ್ನೆಲ್ಲ ಜೊಟೆರೊದಲ್ಲಿ ಇಡಿ. ಅದು ಉಚಿತ ಸಾಫ್ಟ್‌ವೇರ್. ಕೊನೆಯಲ್ಲಿ ಆಕರಗಳಿಗೆ ಸಂಖ್ಯೆ ಹಾಕುವ ವ್ಯಾಂಕೂವರ್ ಶೈಲಿಯ ಪಟ್ಟಿಯನ್ನು ಅದೇ ಮಾಡಿಕೊಡುತ್ತದೆ.

ಎಷ್ಟು ಜನರನ್ನು ಕೇಳಬೇಕು

“ನೂರು ಜನ ಸಾಕಾ ಮೇಡಂ?” ಸಾಕು, ಆದರೆ ಯಾಕೆ ಸಾಕು ಎಂದು ಗೊತ್ತಿರಬೇಕು. ಸರಳ ಸೂತ್ರ ಇದು: ನಾಲ್ಕನ್ನು ಪಿ ಮತ್ತು ಕ್ಯೂ ಇಂದ ಗುಣಿಸಿ, ಡಿ ವರ್ಗದಿಂದ ಭಾಗಿಸಿ. ಪಿ ಎಂದರೆ ಹಿಂದಿನ ಅಧ್ಯಯನದಲ್ಲಿ ಕಂಡ ಪ್ರಮಾಣ, ಕ್ಯೂ ಎಂದರೆ ನೂರರಲ್ಲಿ ಉಳಿದದ್ದು, ಡಿ ಎಂದರೆ ಎಷ್ಟು ಹೆಚ್ಚುಕಡಿಮೆ ಆದರೂ ನಡೆದೀತು ಎಂಬ ಅಳತೆ. ಪಿ 48, ಕ್ಯೂ 52, ಡಿ 10 ಇಟ್ಟರೆ 99.84 ಬರುತ್ತದೆ, ಅಂದರೆ 100 ಜನ. ಡಿ ಅನ್ನು 5ಕ್ಕೆ ಇಳಿಸಿದರೆ 400 ಜನ ಬೇಕು. ಹೆಚ್ಚುಕಡಿಮೆಯನ್ನು ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ಓಡಾಟ ಎಂಬುದನ್ನು ಮೊದಲೇ ಲೆಕ್ಕ ಹಾಕಿ. ಕೆಲವರು ಒಲ್ಲೆ ಅನ್ನುತ್ತಾರೆ, ಅದಕ್ಕೂ ಸ್ವಲ್ಪ ಜಾಸ್ತಿ ಸೇರಿಸಿ.

ಅನುಮತಿ ಮೊದಲು, ಫೀಲ್ಡ್ ಆಮೇಲೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ನಮಗೆಲ್ಲ ಆಧಾರ. ಅದರ ಪ್ರಕಾರ, ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿಯಲ್ಲಿ 7ರಿಂದ 15 ಸದಸ್ಯರಿರಬೇಕು. ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ಕಾನೂನು ಬಲ್ಲವರು, ಸಮಾಜ ವಿಜ್ಞಾನದವರು, ಜೊತೆಗೆ ವಿಜ್ಞಾನದ ಹಿನ್ನೆಲೆ ಇಲ್ಲದ ಸಾಮಾನ್ಯರೊಬ್ಬರು ಇರಬೇಕು. ಆ ಸಾಮಾನ್ಯ ಸದಸ್ಯರಿಗೆ ನಿಮ್ಮ ಒಪ್ಪಿಗೆ ಪತ್ರ ಅರ್ಥವಾಗದಿದ್ದರೆ ಊರಿನ ಹೆಣ್ಣುಮಗಳಿಗೂ ಆಗುವುದಿಲ್ಲ.

“ನಮ್ಮದು ಬರೀ ಪ್ರಶ್ನೆ ಕೇಳುವ ಕೆಲಸ, ರಕ್ತ ತೆಗೆಯಲ್ಲ, ಸಮಿತಿ ಯಾಕೆ?” ಎನ್ನುವವರಿದ್ದಾರೆ. ಅಪಾಯ ಕಡಿಮೆ ಇರುವ ಅಧ್ಯಯನಕ್ಕೆ ಬೇಗ ಮುಗಿಯುವ ಪರಿಶೀಲನೆ ಇದೆ. ಕೆಲವಕ್ಕೆ ವಿನಾಯಿತಿಯೂ ಸಿಗುತ್ತದೆ. ಆದರೆ ವಿನಾಯಿತಿ ಇದೆ ಎಂದು ತೀರ್ಮಾನಿಸುವುದು ಸಮಿತಿ. ನೀವೂ ಅಲ್ಲ, ನಾನೂ ಅಲ್ಲ. ಡೇಟಾ ತಂದ ಮೇಲೆ ಹಿಂದಿನ ದಿನಾಂಕ ಹಾಕಿ ಅನುಮತಿ ಪಡೆಯುವುದು ಎಂಬುದೇ ಇಲ್ಲ. ಸಮಿತಿ ತಿಂಗಳುಗಟ್ಟಲೆ ಸೇರದೆ ಇರಬಹುದು, ಆದ್ದರಿಂದ ಅರ್ಜಿ ಬೇಗ ಹಾಕಿ. ಆಮೇಲೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯ ಪತ್ರ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಒಪ್ಪಿಗೆ ಪಡೆಯಿರಿ.

ಇಷ್ಟೆಲ್ಲ ಯಾಕೆ ಎಂದು ಕೇಳಿದಾಗ ನಾನು ಎರಡು ಘಟನೆ ಹೇಳುತ್ತೇನೆ. ಮೊದಲನೆಯದು ಅಮೆರಿಕದ ಅಲಬಾಮಾದ ಟಸ್ಕೀಗಿ. 1932ರಿಂದ 1972ರವರೆಗೆ ಸುಮಾರು 600 ಕಪ್ಪು ಗಂಡಸರನ್ನು ಸರ್ಕಾರದ ಆರೋಗ್ಯ ಇಲಾಖೆಯೇ ಅಧ್ಯಯನದಲ್ಲಿ ಇಟ್ಟುಕೊಂಡಿತ್ತು. ಅವರಲ್ಲಿ 399 ಜನರಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇತ್ತು. ರೋಗದ ಹೆಸರನ್ನೂ ಅವರಿಗೆ ಹೇಳಲಿಲ್ಲ, “ನಿಮ್ಮ ರಕ್ತ ಕೆಟ್ಟಿದೆ” ಎಂದಷ್ಟೇ ಹೇಳಿದರು. ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಆ ಗಂಡಸರ ಮನೆ ಮನೆಗೆ ಹೋಗಿ, ಕಾರಿನಲ್ಲಿ ಕರೆತಂದು, ನಾಲ್ಕು ದಶಕ ಆ ಅಧ್ಯಯನವನ್ನು ನಡೆಸಿಕೊಟ್ಟವರು ಯೂನಿಸ್ ರಿವರ್ಸ್ ಎಂಬ ನರ್ಸ್. ಅವರೂ ಕಪ್ಪು ಮಹಿಳೆಯೇ. ಜನ ಅವರನ್ನು ನಂಬಿದ್ದರು. ನರ್ಸಿಂಗ್ ವಿದ್ಯಾರ್ಥಿಗಳು ಈ ಭಾಗವನ್ನು ನಿಧಾನವಾಗಿ ಓದಬೇಕು ಎಂದು ನಾನು ಒತ್ತಾಯ ಮಾಡುತ್ತೇನೆ. ಜನ ಸಹಿ ಹಾಕುವುದು ಪ್ರೊಫೆಸರ್ ಮುಖ ನೋಡಿ ಅಲ್ಲ, ಸಿಸ್ಟರ್ ಮುಖ ನೋಡಿ.

ಎರಡನೆಯದು ನಮ್ಮ ಪಕ್ಕದ್ದು. 2009ರಲ್ಲಿ ಅಂದಿನ ಆಂಧ್ರಪ್ರದೇಶದ, ಈಗ ತೆಲಂಗಾಣದ ಖಮ್ಮಂ ಜಿಲ್ಲೆಯಲ್ಲಿ 10ರಿಂದ 14 ವರ್ಷದ ಸುಮಾರು 14,000 ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕುವ ಪ್ರಾಯೋಗಿಕ ಯೋಜನೆ ನಡೆಯಿತು. ಅನೇಕರು ಬುಡಕಟ್ಟು ಕುಟುಂಬದವರು, ಹಾಸ್ಟೆಲ್‌ನಲ್ಲಿದ್ದವರು. ತಂದೆತಾಯಿಯ ಒಪ್ಪಿಗೆ ಪಡೆಯುವ ಬದಲು ಬಹಳ ಕಡೆ ವಾರ್ಡನ್, ಹೆಡ್‌ಮಾಸ್ಟರ್‌ಗಳೇ ಸಹಿ ಹಾಕಿದ್ದರು. ಕೆಲವು ಮಕ್ಕಳು ತೀರಿಕೊಂಡಾಗ ಗಲಾಟೆಯಾಗಿ 2010ರಲ್ಲಿ ಯೋಜನೆ ನಿಂತಿತು. ಸಾವಿಗೆ ಲಸಿಕೆಯೇ ಕಾರಣ ಎಂದು ತನಿಖೆಯಲ್ಲಿ ಕಂಡುಬರಲಿಲ್ಲ. ಆದರೆ ಒಪ್ಪಿಗೆ ಪಡೆದ ರೀತಿಯನ್ನು 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಕಟುವಾಗಿ ಟೀಕಿಸಿತು. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಒಳ್ಳೆಯ ಲಸಿಕೆ ಅದು. ಅದರ ಮೇಲೆ ನಮ್ಮ ಜನ ಅನುಮಾನ ಪಡುವಂತಾಯಿತು.

ಬಾಗಿಲಲ್ಲಿ ನಿಂತು ಒಪ್ಪಿಗೆ ಕೇಳುವುದು

ಮೊದಲ ಸಲ ಹೋದ ವಿದ್ಯಾರ್ಥಿ ಹಾಳೆ ತೆಗೆದು ಓದುತ್ತಾನೆ: “ಈ ಅಧ್ಯಯನದಲ್ಲಿ ತಮ್ಮ ಪಾಲ್ಗೊಳ್ಳುವಿಕೆಯು ಸಂಪೂರ್ಣ ಸ್ವಯಂಪ್ರೇರಿತವಾಗಿದ್ದು...” ಎರಡನೇ ಸಾಲು ಮುಗಿಯುವ ಮೊದಲೇ ಆ ಹೆಣ್ಣುಮಗಳು ಕೇಳುತ್ತಾಳೆ, “ಎಲ್ಲಿ ಹೆಬ್ಬೆಟ್ಟ ಒತ್ತಬೇಕ್ರೀ?” ಹೆಬ್ಬೆಟ್ಟು ಸಿಕ್ಕಿತು, ಒಪ್ಪಿಗೆ ಸಿಗಲಿಲ್ಲ. ಅವಳು ಅದನ್ನು ಸರ್ಕಾರದ ಕಾಗದ ಅಂದುಕೊಂಡಿದ್ದಾಳೆ. ಒಲ್ಲೆ ಅಂದರೆ ರೇಷನ್ನೋ ತಾಯಿ ಕಾರ್ಡೋ ನಿಂತೀತು ಎಂಬ ಅಂಜಿಕೆ ಅವಳಿಗಿದೆ.

ನನ್ನ ವಿದ್ಯಾರ್ಥಿಗಳಿಗೆ ನಾನು ಕಲಿಸುವುದು ಹೀಗೆ. ಕೂತುಕೊಳ್ಳಿ. ಹಾಳೆ ಪಕ್ಕಕ್ಕಿಡಿ. ನಿಮ್ಮ ಮಾತಿನಲ್ಲಿ ಹೇಳಿ: “ಅಕ್ಕಾ, ನಾ ನರ್ಸಿಂಗ್ ಓದ್ಲತ್ತೀನ್ರಿ. ಸರಕಾರದಿಂದ ಬಂದಿಲ್ಲ. ಬಸುರಿದ್ದಾಗ ಗುಳಿಗಿ ತಗೊಳ್ಳೋದ್ರಾಗ ಏನ್ ತ್ರಾಸ ಆಗ್ತದ ಅಂತ ತಿಳ್ಕೊಳ್ಳಾಕ ಬಂದೀನಿ. ಅರ್ಧ ತಾಸು ಆಗ್ತದ. ನಿಮ್ಮ ಹೆಸರು ಯಾರಿಗೂ ಹೇಳಂಗಿಲ್ಲ. ಇದ್ರಿಂದ ನಿಮಗ ರೊಕ್ಕ ಬರಂಗಿಲ್ಲ. ಬ್ಯಾಡ ಅಂದ್ರ ಬ್ಯಾಡ, ನಿಮ್ಮ ಗುಳಿಗಿ, ನಿಮ್ಮ ಕಾರ್ಡು ಯಾವುದೂ ನಿಲ್ಲಂಗಿಲ್ಲ. ನಡುವ ಸಾಕು ಅನ್ಸಿದ್ರ ಅಲ್ಲಿಗೇ ಬಿಡೋಣ.” ಆಮೇಲೆ ಕೇಳಿ, “ನಾ ಯಾಕ ಬಂದೀನಿ ಅಂತ ನಿಮಗೇನ್ ತಿಳೀತು, ನೀವ ಹೇಳ್ರಿ.” ಅವಳು “ಗುಳಿಗಿ ಬದಲಿ ಮಾಡಿ ಕೊಡ್ತೀರಿ ಅಲ್ರೀ” ಅಂದರೆ ಅವಳಿಗೆ ತಿಳಿದಿಲ್ಲ. ಇನ್ನೊಮ್ಮೆ ಹೇಳಿ. ಅವಳಿಗೆ ತಿಳಿದ ಮೇಲೆ ಹಾಳೆ ತೆಗೆದು ಓದಿ ಸಹಿ ಪಡೆಯಿರಿ. ಓದಲು ಬಾರದವರ ಹೆಬ್ಬೆಟ್ಟು ತಗೊಳ್ಳುವಾಗ ಓದು ಬಲ್ಲ, ನಿಮ್ಮ ತಂಡಕ್ಕೆ ಸೇರದ ಸಾಕ್ಷಿ ಒಬ್ಬರು ಪಕ್ಕದಲ್ಲಿದ್ದು ಸಹಿ ಹಾಕಬೇಕು. ಒಂದು ಪ್ರತಿ ಅವಳ ಕೈಗೆ ಕೊಡಿ.

ಆಶಾ ಅಕ್ಕ ಇಲ್ಲದೆ ಊರಿನಲ್ಲಿ ಕೆಲಸ ಸಾಗದು. ಆದರೆ ಅವರು ಪಕ್ಕದಲ್ಲೇ ನಿಂತಿದ್ದರೆ “ಗುಳಿಗಿ ತಗೊಂಡಿಲ್ಲ” ಎಂದು ಯಾರು ಹೇಳುತ್ತಾರೆ? ಪರಿಚಯ ಮಾಡಿಸಿದ ಮೇಲೆ “ಅಕ್ಕಾ, ನೀವು ಮುಂದಿನ ಮನಿಗಿ ನಡೀರಿ, ನಾವು ಬರ್ತೀವಿ” ಎಂದು ವಿನಯದಿಂದ ಹೇಳಿ. ಅತ್ತೆ ಉತ್ತರ ಕೊಡಲು ಶುರು ಮಾಡಿದರೆ ಅವರಿಗೂ ಗೌರವ ಕೊಟ್ಟು, “ಅವ್ವಾರ, ನಿಮ್ಮ ಕೂಡಾನೂ ಮಾತಾಡ್ತೀನಿ, ಈಗ ಸೊಸಿ ಹೇಳ್ಲಿ” ಅನ್ನಿ. ಒಪ್ಪಿಗೆಯನ್ನು ಗಂಡನೋ ಅತ್ತೆಯೋ ಕೊಟ್ಟರೆ ಸಾಲದು. ಅವಳೇ ಹೂಂ ಅನ್ನಬೇಕು. ಬಿಳಿ ಕೋಟು ಹಾಕಿಕೊಂಡು ಹೋಗಬೇಡಿ. ಹಾಕಿದರೆ ಅವಳು ನಿಮ್ಮನ್ನು ಚಿಕಿತ್ಸೆಗೆ ಬಂದವರು ಅಂದುಕೊಳ್ಳುತ್ತಾಳೆ.

ಭಾಷೆಯದ್ದು ಇನ್ನೊಂದು ಮಾತು. ತಾಂಡಾದಲ್ಲಿ ಲಂಬಾಣಿ, ಕಲಬುರಗಿಯ ಎಷ್ಟೋ ಓಣಿಗಳಲ್ಲಿ ಉರ್ದು, ಭಾಲ್ಕಿ, ಬಸವಕಲ್ಯಾಣದ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು. ಆ ಭಾಷೆ ಬಲ್ಲ ಸಹಪಾಠಿ ನಿಮ್ಮ ಬ್ಯಾಚಿನಲ್ಲೇ ಇರುತ್ತಾರೆ, ಕರೆದುಕೊಂಡು ಹೋಗಿ. ಮನೆಯ ಮಗುವನ್ನು ದುಭಾಷಿ ಮಾಡಬೇಡಿ. ಬಸಿರಿನ ವಿಷಯ ಮಕ್ಕಳ ಬಾಯಿಂದ ಕೇಳಿಸುವಂಥದ್ದಲ್ಲ.

ಹದಿನೆಂಟು ತುಂಬದವರ ಅಧ್ಯಯನಕ್ಕೆ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು, ಜೊತೆಗೆ ಮಗುವಿನದ್ದೂ ಬೇಕು. 7ರಿಂದ 12 ವರ್ಷದವರ ಒಪ್ಪಿಗೆ ಬಾಯಿಮಾತಿನಲ್ಲಿ, ಅದಕ್ಕಿಂತ ದೊಡ್ಡವರದ್ದು ಬರಹದಲ್ಲಿ. ಗರ್ಭಿಣಿಯರ ಅಧ್ಯಯನದಲ್ಲಿ ಹದಿನೆಂಟು ತುಂಬದ ಹುಡುಗಿ ಎದುರಾದರೆ ಏನು ಮಾಡಬೇಕು ಎಂಬುದನ್ನು ಹೊರಡುವ ಮೊದಲೇ ಗೈಡ್ ಮತ್ತು ಸಮಿತಿಯ ಜೊತೆ ಕೂತು ಬರೆದಿಡಿ. ಅಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾನೂನಿನ ಪ್ರಕಾರ ವರದಿ ಮಾಡುವ ಹೊಣೆ ಬರುತ್ತದೆ. ಅದನ್ನು ಬಾಗಿಲಲ್ಲಿ ನಿಂತು ನೀವೊಬ್ಬರೇ ತೀರ್ಮಾನಿಸಬಾರದು.

ಪ್ರಶ್ನಾವಳಿಯನ್ನು ಮೊದಲು ಹತ್ತು ಜನರ ಮೇಲೆ ಪರೀಕ್ಷಿಸಿ

“ನೀವು ನಿಯಮಿತವಾಗಿ ಕಬ್ಬಿಣಾಂಶದ ಮಾತ್ರೆ ಸೇವಿಸುತ್ತೀರಾ?” ಎಂದು ಕೇಳಿ ನೋಡಿ. ಎಲ್ಲರೂ ಹೌದು ಅನ್ನುತ್ತಾರೆ. ಕೇಳಿದವರಿಗೆ ಬೇಕಾದ ಉತ್ತರ ಅದು ಎಂದು ಅವರಿಗೆ ಗೊತ್ತು. ಅದೇ ಪ್ರಶ್ನೆಯನ್ನು ಹೀಗೆ ಕೇಳಿ: “ದಿನಾ ಗುಳಿಗಿ ನೆನಪಿಟ್ಟು ತಗೊಳ್ಳೋದು ಕಷ್ಟ ಆಗ್ತದ. ನಿನ್ನಿ ತಗೊಂಡ್ರಾ? ಮೊನ್ನಿ?” ಸ್ಟ್ರಿಪ್ ತೋರಿಸಲು ಇಷ್ಟವಿದ್ದರೆ ನೋಡಿ, ಉಳಿದಿದ್ದನ್ನು ಎಣಿಸಿ. ಉತ್ತರಗಳು ಬದಲಾಗುವುದು ನಿಮಗೇ ಕಾಣುತ್ತದೆ. ಪರೀಕ್ಷೆಗೆ ಬಳಸಿದ ಜನರನ್ನು ಮುಖ್ಯ ಅಧ್ಯಯನದಲ್ಲಿ ಸೇರಿಸಬೇಡಿ. ಒಬ್ಬರು ಕನ್ನಡಕ್ಕೆ ಮಾಡಿದ ಪ್ರಶ್ನಾವಳಿಯನ್ನು, ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷ್‌ಗೆ ಮಾಡಿಸಿ ಹೋಲಿಸಿ. ಖಾಲಿ ಕೋಷ್ಟಕಗಳನ್ನು ಈಗಲೇ ಬರೆದಿಡಿ. ಯಾವ ಕೋಷ್ಟಕಕ್ಕೂ ಬೇಡದ ಪ್ರಶ್ನೆಯನ್ನು ಹೊಡೆದುಹಾಕಿ. ಜಾತಿ, ಆದಾಯ ಕೇಳುವುದು ರೂಢಿ ಎಂದು ಕೇಳಬೇಡಿ, ಬೇಕಿದ್ದರೆ ಮಾತ್ರ ಕೇಳಿ.

ಹಿಮೋಗ್ಲೋಬಿನ್ ನೋಡುವುದಾದರೆ ಫಲಿತಾಂಶವನ್ನು ಅವಳಿಗೆ ಅಲ್ಲೇ ಹೇಳಿ. 7ಕ್ಕಿಂತ ಕಡಿಮೆ ಬಂದರೆ ಅದು ತೀವ್ರ ರಕ್ತಹೀನತೆ. ಅಂದೇ ವೈದ್ಯಾಧಿಕಾರಿಗೆ ಫೋನ್ ಮಾಡಿ, ಚೀಟಿ ಬರೆದುಕೊಟ್ಟು, ಅವಳು ಅಲ್ಲಿಗೆ ತಲುಪಿದಳೇ ಎಂದು ಮರುದಿನ ವಿಚಾರಿಸಿ. ಅಂಕಿ ಬರೆದುಕೊಂಡು ಮುಂದಿನ ಮನೆಗೆ ನಡೆಯುವುದು ಟಸ್ಕೀಗಿಯವರು ಮಾಡಿದ ಕೆಲಸ.

ಹಾಸ್ಟೆಲ್‌ನಲ್ಲಿ ತುಂಬಿದ ಫಾರ್ಮ್

ಇದನ್ನು ಹೇಳಲೇಬೇಕು. ಎಷ್ಟೋ ಪ್ರಾಜೆಕ್ಟ್‌ಗಳ ಅರ್ಧ ಫಾರ್ಮ್‌ಗಳು ರಾತ್ರಿ ಹಾಸ್ಟೆಲ್ ರೂಮಿನಲ್ಲಿ ತುಂಬಿದವು. ಬಿಸಿಲು ಜಾಸ್ತಿ, ಬಸ್ ಇಲ್ಲ, ಕೊನೆಯ ದಿನ ಹತ್ತಿರ ಬಂತು ಎಂದು ಕಾರಣ ಕೊಡುತ್ತಾರೆ. ಅಂಥ ಫಾರ್ಮ್ ಕೈಗೆ ಬಂದರೆ ಗುರುತು ಸಿಗುತ್ತದೆ. ಎಲ್ಲೂ ಕಾಟು ಇಲ್ಲ, ಖಾಲಿ ಬಿಟ್ಟ ಜಾಗ ಇಲ್ಲ, ಒಲ್ಲೆ ಅಂದವರು ಒಬ್ಬರೂ ಇಲ್ಲ, ವಯಸ್ಸು 23, 27, 31 ಎಂದು ಚೆನ್ನಾಗಿ ಹರಡಿರುತ್ತದೆ. ನಿಜವಾದ ಊರಿನಲ್ಲಿ ವಯಸ್ಸು ಹಾಗೆ ಬರುವುದಿಲ್ಲ. “ಇಪ್ಪತ್ತೈದು ಇರಬೇಕ್ರಿ” ಎನ್ನುತ್ತಾರೆ, ಹಾಗಾಗಿ 20, 25, 30ರಲ್ಲಿ ಗುಂಪು ಕಟ್ಟಿರುತ್ತದೆ. ನಿಜವಾದ ಫಾರ್ಮ್ ಮೇಲೆ ಚಹಾದ ಕಲೆ ಇರುತ್ತದೆ, ಅಂಚಿನಲ್ಲಿ “ಮಗು ಅಳ್ತಿತ್ತು, ಪ್ರಶ್ನೆ 9 ಬಿಟ್ಟಿದೆ” ಎಂದು ಬರೆದಿರುತ್ತದೆ. ನನಗೆ ಬೇಕಾದ ಫಾರ್ಮ್ ಅದು.

ನೂರು ಜನ ಸಿಗದೆ 62 ಮಾತ್ರ ಸಿಕ್ಕರೆ 62 ಎಂದೇ ಬರೆಯಿರಿ, ಯಾಕೆ ಅಷ್ಟೇ ಸಿಕ್ಕರು ಎಂದು ಒಂದು ಪ್ಯಾರಾ ಸೇರಿಸಿ. ಒಳ್ಳೆಯ ಪರೀಕ್ಷಕರು ಆ ಪ್ಯಾರಾಕ್ಕೆ ಗೌರವ ಕೊಡುತ್ತಾರೆ. ಅಂದುಕೊಂಡದ್ದು ಸಾಬೀತಾಗದಿದ್ದರೂ ಹಾಗೇ ಬರೆಯಿರಿ. ಪಿ ಮೌಲ್ಯ (ನಿಜವಾಗಿ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ; ಮೇಲಿನ ಸೂತ್ರದ ಪಿ ಬೇರೆ) 0.05ಕ್ಕಿಂತ ಕೆಳಗೆ ಬರುವವರೆಗೂ ಒಂದೊಂದೇ ಗುಂಪು ಬದಲಿಸಿ ಲೆಕ್ಕ ಹಾಕುತ್ತಾ ಹೋಗುವುದೂ ಸುಳ್ಳೇ. ಸುಳ್ಳು ಅಂಕಿಯ ಮೇಲೆ ನಾಳೆ ಯಾರೋ ಗುಳಿಗೆಯ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಬಹುದು. ನಿಮ್ಮ ಊರಿನ ಹೆಣ್ಣುಮಗಳೇ ಅದರ ಫಲ ಉಣ್ಣುತ್ತಾಳೆ.

ಹೆಸರು ಹೊರಗೆ ಹೋಗಬಾರದು

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯವರದ್ದು. ಆ ದಿನಗಳಲ್ಲಿ ಯಾರ ಮನೆ, ಯಾವ ಓಣಿ ಎಂದು ಊರೆಲ್ಲ ಕೇಳುತ್ತಿತ್ತು. ದುಃಖದಲ್ಲಿರುವ ಒಂದು ಮನೆಯನ್ನು ಜನ ಬೆರಳು ಮಾಡಿ ತೋರಿಸುವುದು ಎಂದರೆ ಏನು ಎಂಬುದನ್ನು ಕಲಬುರಗಿಯವರಿಗೆ ಬೇರೆ ಹೇಳಬೇಕಿಲ್ಲ. ಆದ್ದರಿಂದ ಫಾರ್ಮ್ ಮೇಲೆ ಹೆಸರಿನ ಬದಲು ಸಂಕೇತ ಸಂಖ್ಯೆ ಬರೆಯಿರಿ. ಹೆಸರು, ಸಂಖ್ಯೆ ಎರಡೂ ಇರುವ ಪಟ್ಟಿ ಬೇರೆ ಕಡೆ, ಗೈಡ್ ಹತ್ತಿರ ಬೀಗದಲ್ಲಿರಲಿ. ಕೇಸ್ ಶೀಟಿನ ಫೋಟೋ ಮೊಬೈಲಿನಲ್ಲಿ ತೆಗೆಯಬೇಡಿ, ವಾಟ್ಸಾಪ್ ಸ್ಟೇಟಸ್‌ಗೆ ಫೀಲ್ಡಿನ ಫೋಟೋ ಹಾಕಬೇಡಿ. ಎಚ್‌ಐವಿ ಇರುವವರ ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಹೊರಬಿಡುವಂತಿಲ್ಲ ಎಂದು 2017ರ ಎಚ್‌ಐವಿ ಕಾಯ್ದೆ ಹೇಳುತ್ತದೆ. ಹೆಸರು ತೆಗೆದರೂ ಕೆಲವೊಮ್ಮೆ ಸಾಲದು. “ಇಂಥ ತಾಂಡಾದ, ಅವಳಿ ಮಕ್ಕಳಿರುವ, 38 ವರ್ಷದ ಅಂಗನವಾಡಿ ಕಾರ್ಯಕರ್ತೆ” ಎಂದು ಬರೆದರೆ ತಾಲ್ಲೂಕಿಗೇ ಗುರುತು ಸಿಗುತ್ತದೆ.

ಬರೆಯುವುದು

ಇಂಗ್ಲಿಷ್ ಬರೆಯಲು ಅಂಜಿಕೆ ಇರುವುದರಿಂದಲೇ ನಮ್ಮ ಮಕ್ಕಳು ನಕಲು ಮಾಡುತ್ತಾರೆ. ನಾನು ಹೇಳಿಕೊಡುವ ದಾರಿ ಇದು: ಲೇಖನ ಓದಿ, ಮುಚ್ಚಿಡಿ. ಅದರಲ್ಲಿ ಏನಿತ್ತು ಎಂದು ರೂಮ್‌ಮೇಟ್‌ಗೆ ಕನ್ನಡದಲ್ಲಿ ಹೇಳಿ. ಹೇಳಿದ್ದನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯದಲ್ಲಿ ಬರೆಯಿರಿ. ವ್ಯಾಕರಣ ಆಮೇಲೆ ತಿದ್ದೋಣ. ಹೀಗೆ ಬರೆದದ್ದು ಯಾವ ಸಾಫ್ಟ್‌ವೇರಿನಲ್ಲೂ ನಕಲು ಎಂದು ಸಿಕ್ಕಿಬೀಳುವುದಿಲ್ಲ, ಯಾಕೆಂದರೆ ಅದು ನಿಮ್ಮದೇ. ಯುಜಿಸಿಯ 2018ರ ನಿಯಮ 10% ವರೆಗಿನ ಹೋಲಿಕೆಗೆ ದಂಡ ಹಾಕುವುದಿಲ್ಲ. ಹಾಗೆಂದು 9% ಕದಿಯಬಹುದು ಎಂದು ಅರ್ಥವಲ್ಲ. ಪದ ಬದಲಿಸಿಕೊಡುವ ಸಾಫ್ಟ್‌ವೇರ್ ಬಳಸಿದವರ ಲೇಖನಗಳಲ್ಲಿ ಬ್ರೆಸ್ಟ್ ಕ್ಯಾನ್ಸರ್ ಹೋಗಿ ಬೋಸಮ್ ಪೆರಿಲ್ (ಎದೆಯ ಅಪಾಯ) ಆಗಿದ್ದನ್ನು ಸಂಶೋಧಕರು ಪತ್ತೆ ಹಚ್ಚಿದ್ದಾರೆ.

ಚಾಟ್‌ಜಿಪಿಟಿಯಂಥವುಗಳಿಂದ ವಾಕ್ಯ ತಿದ್ದಿಸಿಕೊಂಡರೆ ಹಾಗೆಂದು ಬರೆಯಿರಿ. ಆಕರಗಳನ್ನು ಮಾತ್ರ ಅದರಿಂದ ಕೇಳಬೇಡಿ. ಲೇಖಕರ ಹೆಸರು, ಜರ್ನಲ್, ವರ್ಷ, ಪುಟ ಎಲ್ಲ ಸರಿಯಾಗಿ ಕಾಣುವ, ಆದರೆ ಇಲ್ಲವೇ ಇಲ್ಲದ ಲೇಖನಗಳನ್ನು ಅದು ಹುಟ್ಟಿಸಿಕೊಡುತ್ತದೆ. ಪ್ರತಿ ಆಕರವನ್ನೂ ನೀವೇ ತೆರೆದು ನೋಡಿರಬೇಕು.

ಯಾರ ಹೆಸರು ಇರಬೇಕು ಎಂಬುದಕ್ಕೆ ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಾಲ್ಕು ಷರತ್ತುಗಳಿವೆ: ಯೋಜನೆಯಲ್ಲೋ ಡೇಟಾದಲ್ಲೋ ನಿಜವಾದ ಕೆಲಸ ಮಾಡಿರಬೇಕು, ಬರೆದಿರಬೇಕು ಅಥವಾ ತಿದ್ದಿರಬೇಕು, ಕೊನೆಯ ಪ್ರತಿಯನ್ನು ಒಪ್ಪಿರಬೇಕು, ಪ್ರಶ್ನೆ ಬಂದರೆ ಹೊಣೆ ಹೊರಬೇಕು. ನಾಲ್ಕೂ ಇರಬೇಕು. ದೊಡ್ಡವರು ಎಂಬ ಕಾರಣಕ್ಕೆ ಹೆಸರು ಸೇರಿಸುವುದು ಸರಿಯಲ್ಲ. ಆಶಾ ಅಕ್ಕನಿಗೆ, ದುಭಾಷಿಗೆ ಕೃತಜ್ಞತೆ ಬರೆಯಲು ಮರೆಯಬೇಡಿ. ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ಇಷ್ಟು ದುಡ್ಡು ಕಳಿಸಿ ಎಂದು ಮೇಲ್ ಬಂದರೆ ಅಳಿಸಿಹಾಕಿ. ಅಷ್ಟರಲ್ಲಿ ಯಾರೂ ಓದಿ ಪರಿಶೀಲಿಸಲು ಆಗದು.

ಫಲಿತಾಂಶವನ್ನು ಊರಿಗೆ ಹೇಳಿ

ವೈವಾ ಮುಗಿದ ಮೇಲೆ ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆಯಿರಿ: ಎಷ್ಟು ಜನರನ್ನು ಕೇಳಿದೆವು, ಎಷ್ಟು ಮಂದಿ ಗುಳಿಗೆ ಬಿಟ್ಟಿದ್ದರು, ಅವರು ಹೇಳಿದ ಮುಖ್ಯ ಕಾರಣಗಳು ಯಾವುವು, ಏನು ಮಾಡಿದರೆ ಸುಲಭವಾದೀತು. ಊರಿನ ಹೆಸರು ಬೇಡ, ಆರೋಗ್ಯ ಕೇಂದ್ರದ ವ್ಯಾಪ್ತಿ ಎಂದಷ್ಟೇ ಸಾಕು. ವೈದ್ಯಾಧಿಕಾರಿಗೆ ಒಂದು ಪ್ರತಿ, ಎಎನ್‌ಎಂ ಮತ್ತು ಆಶಾ ಅಕ್ಕಂದಿರ ತಿಂಗಳ ಮೀಟಿಂಗ್‌ಗೆ ಒಂದು ಪ್ರತಿ, ನಮ್ಮ ಡಿಪಾರ್ಟ್‌ಮೆಂಟ್ ಫೈಲಿಗೆ ಒಂದು ಪ್ರತಿ. ಮೀಟಿಂಗ್‌ನಲ್ಲಿ ಹತ್ತು ನಿಮಿಷ ಕೇಳಿ, ನಿಂತು ಹೇಳಿ. ಆಶಾ ಅಕ್ಕಂದಿರು ತಿರುಗಿ ಪ್ರಶ್ನೆ ಕೇಳುತ್ತಾರೆ. “ಬಿಟ್ಟವರು ಮತ್ತ ಶುರು ಮಾಡಿದ್ರ ಎಷ್ಟು ದಿನ ತಗೋತಾರ, ಅದು ನೋಡೀರೇನು?” ಅಂದರೆ ಬರೆದುಕೊಳ್ಳಿ. ಮುಂದಿನ ಬ್ಯಾಚಿನವರು ನನ್ನ ಹತ್ತಿರ ಟಾಪಿಕ್ ಕೇಳಿಕೊಂಡು ಬಂದಾಗ ಆ ಚೀಟಿಯನ್ನು ಅವರ ಕೈಗೆ ಕೊಡುತ್ತೇನೆ.